ಓದಿ ಮುಗಿಯುವ ಮೊದಲೇ ತೋರಿಸಿದ ಕಾರ್ಡು

ಶಿರಸಿಯ ಒಂದು ಖಾಸಗಿ ಆಸ್ಪತ್ರೆಯ ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ಸಿಕ್ಕಾಗ ನನಗೆ ಇಪ್ಪತ್ತಮೂರು ವರ್ಷ. ಎರಡು ಸಾವಿರದ ಇಸವಿ ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿಯತನಕ ಆ ಪಟ್ಟಿ ಎಕ್ಕಂಬಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸಿನ ಕೈಯಲ್ಲಿತ್ತು. ವಯಸ್ಸು ನಲವತ್ತರ ಆಸುಪಾಸು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಯಾರದು ಯಾವ ಗುಂಪು, ಯಾವ ಊರು, ಫೋನು ಸ್ವಂತದ್ದೋ ಪಕ್ಕದ ಮನೆಯದ್ದೋ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಪ್ರೋಗ್ರಾಮು ಬರೆದದ್ದು ನಾನು, ಅದಕ್ಕೆ ಪುಸ್ತಕದ್ದನ್ನೆಲ್ಲ ತಿಂಗಳುಗಟ್ಟಲೆ ಕೂತು ಟೈಪು ಮಾಡಿದವರು ಅವರೇ.

ಪರದೆಯ ಮೇಲೆ ಒಬ್ಬೊಬ್ಬ ದಾನಿಗೂ ನಂಬರಿರುವ ಒಂದೊಂದು ಕಾರ್ಡು. ಪ್ರತಿ ಕಾರ್ಡಿನ ಜೊತೆ ದಾನಿಯ ಫೋಟೋ ಇದ್ದದ್ದರಿಂದ ಫೈಲು ದೊಡ್ಡದಾಗಿತ್ತು. ನಂಬರು ಹೊಡೆದು ಕಾರ್ಡು ತೆರೆಯುವಾಗ ಪರದೆ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತಿತ್ತು. ಯಾರೂ ದೂರಿರಲಿಲ್ಲ, ಆದರೆ ನನಗೆ ಅದು ಅವಮಾನದಂತೆ ಕಂಡಿತು. ಪ್ರೋಗ್ರಾಮು ಕಾಯದೆ ಮುಂದೆ ಸಾಗುತ್ತಿರುವಾಗಲೇ ಹಿನ್ನೆಲೆಯಲ್ಲಿ ಫೈಲು ಓದಿಸಿಕೊಳ್ಳುವ ವಿಧಾನವೊಂದಿದೆ ಎಂದು ಎಲ್ಲೋ ಓದಿದ್ದೆ. ಅರ್ಧಂಬರ್ಧ ತಿಳಿದುಕೊಂಡು ಅದನ್ನೇ ಬಳಸಿದೆ.

ಒಂದು ವಾರ ಕಳೆದಿರಬೇಕು. ಅಕ್ಕ ಕರೆದು ಹೇಳಿದರು: "ಸರ್, ನಾ ನಂಬರ್ ಸರೀನ ಹೊಡದೀನ್ರಿ. ಒಮ್ಮೊಮ್ಮೆ ಹಿಂದ ನೋಡಿದವ್ರ ಹೆಸರು, ಅವ್ರ ಫೋಟೋನ ಬರ್ತದ ನೋಡ್ರಿ."

ನಾನು ಅದೇ ನಂಬರು ಮತ್ತೆ ಹೊಡೆದೆ. ಸರಿಯಾದ ಕಾರ್ಡೇ ಬಂತು.

"ನಿಧಾನಕ್ಕೆ ಟೈಪ್ ಮಾಡಿ ಅಕ್ಕ," ಎಂದೆ. ಮೂರು ಸಲ ಹೀಗಾಯಿತು. ಮೂರು ಸಲವೂ ನಾನು ಕೂತಾಗ ಸರಿಯಾಗಿಯೇ ಬಂತು. ನಾಲ್ಕನೆಯ ಸಲ ಅವರು ಕರೆಯಲೇ ಇಲ್ಲ.

ಒಂದು ಮಧ್ಯಾಹ್ನ ಯಲ್ಲಾಪುರದ ಕಡೆಯಿಂದ ಒಬ್ಬ ಬಾಣಂತಿಯನ್ನು ಕರೆತಂದರು. ವಿಪರೀತ ರಕ್ತ ಹೋಗಿತ್ತು. ಬೇಕಾಗಿದ್ದದ್ದು ಓ ನೆಗೆಟಿವ್. ಅಕ್ಕ ಸ್ವಲ್ಪ ಮುಂಚೆ ಹುಲಗೋಳದ ಒಬ್ಬ ದಾನಿಯ ಫೋನ್ ನಂಬರು ತಿದ್ದಿದ್ದರು. ಈಗ ಒಬ್ಬ ಓ ನೆಗೆಟಿವ್ ದಾನಿಯ ಕಾರ್ಡಿನ ನಂಬರು ಹೊಡೆದರು. ಪರದೆಯ ಮೇಲ್ತುದಿಯಲ್ಲಿ ಆ ನಂಬರೇ ಇತ್ತು, ಕೆಳಗೆ ಇನ್ನೂ ಹುಲಗೋಳದವರ ಹೆಸರು. ಎದುರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು ನಿಂತಿದ್ದರು, ಅವಸರ. ಅಕ್ಕ ಗುಂಪಿನ ಸಾಲಿಗೆ ಕಣ್ಣು ಹಾಯಿಸದೆ ಕಂಡ ಹೆಸರನ್ನು ಓದಿ ಹೇಳಿದರು. ಜೀಪು ಹುಲಗೋಳಕ್ಕೆ ಓಡಿತು. ಬಂದವರ ರಕ್ತ ಪರೀಕ್ಷಿಸಿದರೆ ಬಿ ಪಾಸಿಟಿವ್.

ಅಕ್ಕ ತಮ್ಮ ಹಳೇ ಪುಸ್ತಕ ತೆಗೆದು, ಸಿದ್ದಾಪುರದ ಒಬ್ಬ ಮಾಸ್ತರರಿಗೆ ಫೋನು ಮಾಡಿದರು. ಮಾಸ್ತರರು ಶಾಲೆಯಿಂದಲೇ ಹೊರಟು ಬಂದರು. ಬಾಣಂತಿ ಬದುಕಿದಳು. ಆದರೆ ಎರಡು ತಾಸು ಹಾಳಾಗಿತ್ತು.

ಸಂಜೆ ಡಾಕ್ಟರು ನನ್ನನ್ನು ಕರೆಸಿದರು. ಅಕ್ಕ ಬಾಗಿಲ ಬಳಿ ನಿಂತಿದ್ದರು.

"ಎಂತ ಆಯ್ತು ಮಾರಾಯ? ನಿನ್ನ ಪ್ರೋಗ್ರಾಮಿನ ತಪ್ಪಾ, ಟೈಪಿಂಗಿನ ತಪ್ಪಾ?"

"ಪ್ರೋಗ್ರಾಮ್ ಸರಿ ಇದೆ ಸರ್," ಎಂದೆ. ಗೊತ್ತಿಲ್ಲ ಎನ್ನಬಹುದಿತ್ತು. ಅಷ್ಟು ಹೇಳಿದ್ದರೂ ಸಾಕಾಗುತ್ತಿತ್ತು. ಅಕ್ಕ ನನ್ನ ಮುಖ ನೋಡಿದರು. ಮಾರನೆಯ ದಿನದಿಂದ ಅವರನ್ನು ಚೀಟಿ ಬರೆಯುವ ಕಿಟಕಿಗೆ ಹಾಕಿದರು. ಎರಡು ತಿಂಗಳಿಗೆ ಕೆಲಸ ಬಿಟ್ಟರಂತೆ.

ಮರುವರ್ಷ ಯಲ್ಲಾಪುರದಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ ಸಿಕ್ಕಿತು. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಾದ ಆಪರೇಟಿಂಗ್ ಸಿಸ್ಟಮ್ಮಿನ ಪಾಠಕ್ಕೆಂದು ದಪ್ಪ ಪುಸ್ತಕವೊಂದನ್ನು ಓದುತ್ತಿದ್ದೆ. ಪ್ರೋಗ್ರಾಮು ನನ್ನದರ ಹಾಗೆ ಕಾಯದೆ ಫೈಲು ಓದಲು ಕೇಳಿದಾಗ ಆಪರೇಟಿಂಗ್ ಸಿಸ್ಟಮ್ ಕೋರಿಕೆಯನ್ನು ಬರೆದುಕೊಂಡು, ಡಿಸ್ಕಿಗೆ ದಾಟಿಸಿ, "ಇನ್ನೂ ಆಗಿಲ್ಲ" ಎಂಬ ಉತ್ತರವನ್ನು ತಕ್ಷಣ ಕೊಡುತ್ತದೆ. ಡಿಸ್ಕು ಮಾಹಿತಿಯನ್ನು ಹುಡುಕಿ ಮೆಮೊರಿಗೆ ತಂದು ಹಾಕಿದ ಮೇಲೆ ಇಂಟರಪ್ಟ್ ಎಂಬ ಸಂಕೇತ ಕೊಡುತ್ತದೆ. ಓದು ಮುಗಿಯಿತೆಂದು ಪ್ರೋಗ್ರಾಮಿಗೆ ತಿಳಿಯುವುದು ಆಮೇಲೆ. ಅಲ್ಲಿಯವರೆಗೆ ಮೆಮೊರಿಯ ಆ ಜಾಗದಲ್ಲಿ ಹಿಂದೆ ಇದ್ದದ್ದೇ ಇರಬಹುದು, ಅದನ್ನು ಮುಟ್ಟಬಾರದು. ಒಮ್ಮೆ ಓದಿದ ಭಾಗವನ್ನು ಸಿಸ್ಟಮ್ ಮೆಮೊರಿಯಲ್ಲಿ ಉಳಿಸಿಕೊಂಡಿರುವುದರಿಂದ ಎರಡನೆಯ ಸಲ ಕೇಳಿದಾಗ ಕಾಯುವ ಪ್ರಸಂಗವೇ ಬಾರದಿರಬಹುದು.

ಪುಸ್ತಕ ಮುಚ್ಚಿಟ್ಟೆ. "ಇನ್ನೂ ಆಗಿಲ್ಲ" ಎಂಬ ಉತ್ತರವನ್ನು ನಾನು ನೋಡಿಯೇ ಇರಲಿಲ್ಲ. ಓದು ಮುಗಿಯುವ ಮೊದಲೇ ಪರದೆಗೆ ಬರೆಸಿದ್ದೆ. ಅಕ್ಕ ಮೊದಲ ಸಲ ಹೊಡೆದಾಗ ಹಳೆಯ ಕಾರ್ಡು, ನಾನು ಅದನ್ನೇ ಮತ್ತೆ ಹೊಡೆದಾಗ ಸರಿಯಾದದ್ದು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ಭಾನುವಾರ ಶಿರಸಿಗೆ ಹೋಗಿ, ಸುಮ್ಮನೆ ನೋಡಿಹೋಗಲು ಬಂದೆ ಎಂದು ಆಸ್ಪತ್ರೆಯವರಿಗೆ ಹೇಳಿ, ಪ್ರೋಗ್ರಾಮು ಸರಿಮಾಡಿದೆ. ಹತ್ತು ನಿಮಿಷದ ಕೆಲಸ. ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು. ಅವರ ಬಾಗಿಲು ದಾಟಿ ಹೊರಗೆ ಬಂದುಬಿಟ್ಟೆ.

ಎಕ್ಕಂಬಿಗೆ ಹೋಗುವ ಧೈರ್ಯ ಬರಲು ಮೂರು ವರ್ಷ ಹಿಡಿಯಿತು. ಅಕ್ಕ ಮನೆಯಲ್ಲೇ ಹೊಲಿಗೆ ಹಾಕಿಕೊಂಡಿದ್ದರು. "ಬರ್ರಿ, ಕೂಡ್ರಿ," ಎಂದು ಚಹಾ ತಂದರು. ತಪ್ಪು ನನ್ನದಾಗಿತ್ತು ಎಂದೆ, ಹೇಗಾಯಿತೆಂದು ವಿವರಿಸಿದೆ. ಕೊನೆತನಕ ಕೇಳಿಸಿಕೊಂಡರು.

"ನಂಗ ಗೊತ್ತಿತ್ರಿ, ನಾ ತಪ್ಪು ಹೊಡದಿಲ್ಲ ಅಂತ," ಎಂದರು. ಆಮೇಲೆ ಕೇಳಿದರು, "ಡಾಕ್ಟರಿಗೆ ಹೇಳೀರೇನ್ರಿ?"

ಡಾಕ್ಟರು ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಅದು ಅಕ್ಕನಿಗೂ ಗೊತ್ತಿತ್ತು. ಅವರು ಕೇಳಿದ್ದು ಡಾಕ್ಟರು ಬದುಕಿದ್ದ ದಿನಗಳ ಮಾತು.

"ಇಲ್ಲ," ಎಂದೆ.

ಅವರು ಮಿಷಿನ್ನಿನ ಸೂಜಿಗೆ ದಾರ ಪೋಣಿಸತೊಡಗಿದರು. ಚಹಾದ ಲೋಟ ಕೆಳಗಿಟ್ಟು ಎದ್ದು ಬಂದೆ.