ಗುರುತಿನ ಮೇಲಿನ ತೂತು

ಹಳೇ ಮರದೊಳಗೆ ಏನೋ ಇರುತ್ತದೆ ಎಂದು ಹೆದರಿಸುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಮರದೊಳಗೆ ಇರುವುದು ಹುಳ, ಇಲ್ಲವೇ ಮೊಳೆ. ಮೂರನೆಯದು ಇಲ್ಲವೆಂದೇ ವಾದಿಸುತ್ತಿದ್ದೆ.

ಆರು ವರ್ಷದ ಹಿಂದೆ ಕುಮಟೆಯಲ್ಲಿ ಒಂದು ಹಳೇ ಮನೆ ಕೆಡವಿದರು. ಅದರ ಮಾಳಿಗೆ ನೆಲದ ಸಾಗವಾನಿ ಹಲಗೆಗಳನ್ನು ಹೊನ್ನಾವರದ ಮಾಸ್ತರರೊಬ್ಬರು ತಮ್ಮ ಹೊಸ ಮನೆಗೆ ಕೊಂಡು, ಕೂರಿಸುವ ಕೆಲಸ ನನಗೆ ಕೊಟ್ಟರು. ಒಂದೊಂದನ್ನೂ ಅವರೆದುರೇ ತಟ್ಟಿ ನೋಡಿ, ತೂತಿದ್ದದ್ದನ್ನೆಲ್ಲ ಬದಿಗಿಟ್ಟೆ. ಆರಿಸಿದ್ದರ ಅಡಿಬದಿಗೆ ಉಳಿಯಿಂದ ನನ್ನ ಗುರುತು ಹೊಡೆದೆ. ಮೂರು ಗೀಟು, ಮೇಲೊಂದು ಓರೆ ಗೀಟು. ಸಾಗಿಸುವಾಗ ಹಲಗೆ ಬದಲಾಗುವುದುಂಟು, ಅದಕ್ಕೇ ಈ ಪದ್ಧತಿ. ನನ್ನ ಉಳಿಯ ಬಾಯಿ ಮೊಳೆಗೆ ತಾಗಿ ಮುಕ್ಕಾಗಿದೆ. ಹಾಗಾಗಿ ಪ್ರತಿ ಗೀಟಿನ ನಡುವೆ ಉಳಿ ಕೊರೆಯದ ಕೂದಲಿನಷ್ಟು ಸಣ್ಣ ಏಣು ಉಳಿಯುತ್ತದೆ. ಬೇರೆಯವರಿಗೆ ಹಾಗೆ ಹೊಡೆಯಲು ಬರುವುದಿಲ್ಲ.

ಹಲಗೆ ಕೂರಿಸಿ ಎಂಟು ದಿನಕ್ಕೆ ಮಾಸ್ತರರು ಕರೆಸಿದರು. ಕಿಟಕಿ ಬುಡದ ಹಲಗೆಯಲ್ಲಿ ಒಂದು ತೂತು.

"ಇದೆಂತ ಆಚಾರಿ? ಒಳ್ಳೇದು ನಿನ್ನ ಮನೆಗೆ ಹೋತು, ಹುಳ ತಿಂದದ್ದು ನಮ್ಮನೆಗೆ ಬಂತು, ಅಲ್ದಾ?"

ಬಣ್ಣದ ಕೆಲಸದವರೆಲ್ಲ ಕೇಳುತ್ತ ನಿಂತಿದ್ದರು. ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಕಳ್ಳ ಎಂದವರಿಲ್ಲ. ಮೈ ಉರಿದುಹೋಯಿತು.

"ಎಬ್ಬಿಸ್ತೆ ಮಾಸ್ತರೆ. ನನ್ನ ಗುರುತು ಇಲ್ದಿದ್ರೆ ಉಳಿ-ಹತ್ಯಾರ ಎಲ್ಲ ಇಲ್ಲೇ ಬಿಟ್ಟು ಹೋಗ್ತೆ" ಎಂದೆ.

ಎಬ್ಬಿಸಿದೆ. ಗುರುತಿತ್ತು. ಮೂರು ಗೀಟು, ಓರೆ ಗೀಟು, ನಡುವೆ ಅದೇ ಏಣು. ಆದರೆ ಪಕ್ಕದ ಹಲಗೆಯ ಗುರುತು ನಿನ್ನೆ ಹೊಡೆದಂತೆ ಬೆಳ್ಳಗಿದ್ದರೆ, ಇದು ಹೊಗೆ ಹಿಡಿದು ಕಪ್ಪಾಗಿತ್ತು. ತೂತು ಹಲಗೆಯನ್ನು ದಾಟಿ ಆ ಗೀಟಿನ ನಡುವಿನಿಂದಲೇ ಹೊರಬಂದಿತ್ತು. ಅದರ ಅಂಚಿಗೆ ಉಳಿ ತಾಗಿರಲಿಲ್ಲ. ಎಂದರೆ ಗುರುತು ಮೊದಲು, ಹುಳ ಆಮೇಲೆ. ತೂತಿನೊಳಗೂ ಹಳೇ ಮಸಿ. ಆ ಹುಳ ಸತ್ತು ಎಷ್ಟು ಕಾಲವಾಗಿತ್ತೋ.

ಮಾಸ್ತರರು ಬಗ್ಗಿ ನೋಡಿದರು. "ಎಂಟು ದಿನದಲ್ಲಿ ಹುಳ ಕೊರೀತಾ? ಹಾಗಾರೆ ಇಡೀ ನೆಲಕ್ಕೇ ಹುಳ ಇತ್ತು. ಇಲ್ದಿದ್ರೆ ನೀ ಬೇರೆ ಹಲಗೆ ತಂದು ಗುರುತು ಹೊಡೆದು ಮಸಿ ಬಳಿದಿದ್ದೆ. ಯಾವ್ದು, ನೀನೇ ಹೇಳು."

ಎರಡೂ ಸುಳ್ಳು. ಮೂರನೆಯದು ಇಲ್ಲವೆಂದು ವಾದಿಸುತ್ತಿದ್ದವನು ನಾನೇ.

ಬೇರೆ ಹಲಗೆ ಕೂರಿಸಿ ಆ ತೂತಿನ ಹಲಗೆಯನ್ನು ಮನೆಗೆ ತಂದೆ. ಹುಳ ಬದುಕಿದ್ದರೆ ಉದುರುವ ಹುಡಿ ಕಾಣಲಿ ಎಂದು ಕರಿ ಬಟ್ಟೆಯ ಮೇಲೆ ಇಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಚಿಟಿಕೆ ಹುಡಿ ಉದುರಿಲ್ಲ. ಮಾಸ್ತರರು ಮಾತ್ರ ಇವತ್ತಿಗೂ ಪೇಟೆಯಲ್ಲಿ ನನ್ನನ್ನು ಹಲಗೆ ಕಳ್ಳ ಎನ್ನುತ್ತಾರೆ. ಬಂದು ನೋಡಿ ಎಂದರೆ ಬರುವುದಿಲ್ಲ.

ನೀವಾದರೂ ಬನ್ನಿ, ತೋರಿಸುತ್ತೇನೆ. ಗುರುತು ನನ್ನದೇ, ಅದನ್ನು ಯಾರೆದುರೂ ಹೇಳುತ್ತೇನೆ. ಯಾವಾಗ ಹೊಡೆದೆ ಎಂದು ಮಾತ್ರ ಕೇಳಬೇಡಿ.