ಹತ್ತಕ್ಕೆ ಎರಡು

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದೆ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ವಿಡಿಯೊ ಗೇಮ್ ಕ್ಯಾಸೆಟ್‌ಗಳನ್ನೂ ಬಾಡಿಗೆಗೆ ಕೊಡುತ್ತಿದ್ದರು. ಪ್ರತಿ ಕ್ಯಾಸೆಟ್‌ನ ಮೇಲೂ ಚೀಟಿ ಅಂಟಿಸಿ, ಕೆಂಪು ಶಾಯಿಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದಿರುತ್ತಿದ್ದರು. ಯಾರಾದರೂ ತಕರಾರು ತೆಗೆದರೆ ಕನ್ನಡಕವನ್ನು ಹಣೆಗೇರಿಸಿ, "ಆಡಿ ನೋಡೀನ್ರಿ, ಸುಮ್ಕೆ ಹೇಳಲ್ಲ" ಎನ್ನುತ್ತಿದ್ದರು. ಹೈಸ್ಕೂಲ್ ಮೇಷ್ಟ್ರಾಗಿದ್ದ ನಾನು ಶನಿವಾರ ಮಧ್ಯಾಹ್ನ ಕದ್ದುಮುಚ್ಚಿ ಅಲ್ಲಿಗೆ ಹೋಗುತ್ತಿದ್ದೆ. ಅಂಕ ಕೊಡುವುದರಲ್ಲಿ ಅವರು ನನಗಿಂತ ಬಿಗಿ.

ಒಮ್ಮೆ ಎರಡೇ ಅಂಕ ಬಿದ್ದಿದ್ದ ಕ್ಯಾಸೆಟ್ಟೊಂದನ್ನು ಕೇಳಿದೆ.

"ಅದು ಬ್ಯಾಡ ಮೇಷ್ಟ್ರೇ. ಅದ್ರಾಗೆ ಒಂದು ಹೊಳೆ ಐತೆ, ಯಾರಿಗೂ ದಾಟಾಕಾಗಲ್ಲ. ಮಾಡಿದೋನಿಗೇ ಬುದ್ಧಿ ಇಲ್ಲ" ಎಂದವರು, ಅದನ್ನು ತೋರಿಸಲೆಂದೇ ಅಂಗಡಿಯ ಟಿವಿಗೆ ಹಾಕಿ ಆಡಿದರು. ನಾಲ್ಕು ಸಲ ಹೊಳೆಗೆ ಬಿದ್ದರು.

ಊಟದ ಡಬ್ಬಿ ತಂದಿದ್ದ ಅವರ ತಾಯಿ ಎಲ್ಲವನ್ನೂ ನೋಡುತ್ತ ನಿಂತಿದ್ದರು. "ಇಲ್ಲಿ ಕೊಡು ಬೇಟಾ" ಎಂದು ಸೆರಗು ಸರಿಮಾಡಿಕೊಂಡು ಕುಳಿತರು. ಎರಡು ಸಲ ಅವರೂ ಬಿದ್ದರು. ಆಮೇಲೆ, ತೇಲುವ ಹಲಗೆ ದಡಕ್ಕೆ ಬರುವವರೆಗೂ ಕಾದು, ಒಂದೇ ನೆಗೆತಕ್ಕೆ ಹೊಳೆ ದಾಟಿಬಿಟ್ಟರು.

"ಅವಸರ ನಿಂದು. ಅದನ್ನ ಯಾಕೆ ಬೈತೀಯಾ?" ಎಂದರು.

ಸಾಹೇಬರು ಹಳೆಯ ಚೀಟಿ ಕಿತ್ತು, ಹೊಸದರಲ್ಲಿ ಎಂಟು ಎಂದು ಬರೆದರು. ನಾನು ಆಸೆಯಿಂದ ಕೈ ಚಾಚಿದೆ.

ಅವರು ತಾಯಿಯ ಕಡೆ ನೋಡಿ ದನಿ ತಗ್ಗಿಸಿದರು. "ಮುಂದಿನ ಶನಿವಾರ ಬರ್ರಿ ಮೇಷ್ಟ್ರೇ. ಅಮ್ಮಿ ಇನ್ನೂ ಆಡ್ತಾ ಅವ್ರೆ."