ನಾರುಹುಣ್ಣಿನ ಎರಡನೇ ವರ್ಷದ ಎಣಿಕೆ

ಅಣ್ಣಾರಾಯ ಡಾಕ್ಟರನ್ನು ಮಲ್ಕಮ್ಮ ಮೊದಲು ಕಂಡದ್ದು ೧೯೭೮ರ ಯುಗಾದಿಯ ಮರುದಿನ, ಕೊಳಕೂರಿನ ಮೆಟ್ಟಿಲ ಬಾವಿಯಲ್ಲಿ. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಶೀಶೆಗೆ ನೀರು ತುಂಬಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

“ಏನ್ ಹುಡುಕಾಕತ್ತೀರಿ ಸಾಹೇಬ್ರ, ಉಂಗುರ ಬಿದ್ದದೇನು?”

“ನಾರಿನ ಹುಳ ಹುಡುಕಾಕತ್ತೇನಿ, ಅವ್ವ. ಈ ವರ್ಷ ಕುಡಿದ್ರ ಮುಂದಿನ ವರ್ಷ ಕಾಲಾಗಿಂದ ಹೊರಗ ಬರ್ತದ.”

ಮಲ್ಕಮ್ಮ ಸೂಲಗಿತ್ತಿ, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು. ಆದರೆ ಊರಿನಲ್ಲಿ ಯಾರು ಯಾವಾಗ ಹುಟ್ಟಿದರು, ಯಾರನ್ನು ಎಲ್ಲಿಗೆ ಕೊಟ್ಟರು ಎಂಬುದೆಲ್ಲ ಬಾಯಿಪಾಠ. ಊರಲ್ಲಿ ನಾರುಹುಣ್ಣಾದವರ ಹೆಸರನ್ನು ಆಕೆ ಹೇಳುತ್ತ ಹೋದಳು, ಡಾಕ್ಟರು ಬರೆದುಕೊಂಡರು: ಇಪ್ಪತ್ತಾರು ಮಂದಿ. ಆಮೇಲೆ ಮನೆಮನೆಗೂ ಬಟ್ಟೆ ಹಂಚಿ, ನೀರು ಸೋಸಿಯೇ ಕುಡಿಯಬೇಕೆಂದು ಹೇಳಿಹೋದರು.

ಮರುವರ್ಷ ಎಣಿಸುವ ಹೊತ್ತಿಗೆ ಆಕೆ, ಅಣ್ಣನಿಗೆ ಹುಷಾರಿಲ್ಲವೆಂದು, ತವರೂರು ಗೊಬ್ಬೂರಿಗೆ ಹೋಗಿದ್ದಳು. ಕಂಪೌಂಡರ್ ಜಗದೇವಪ್ಪ ಮನೆಮನೆ ತಿರುಗಿ, ಹುಣ್ಣಾಗಿ ಮಲಗಿದವರನ್ನೆಲ್ಲ ಬರೆದುಕೊಂಡ. ಇಪ್ಪತ್ತಮೂರು ಆಯಿತು. ಬಟ್ಟೆಯಿಂದ ಉಪಯೋಗವಿಲ್ಲ ಎಂದು ಡಾಕ್ಟರು ಬರೆದ ಲೇಖನ ವಿಲಾಯತಿಯ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು.

ಏಳು ವರ್ಷ ಕಳೆದ ಮೇಲೆ ಮಲ್ಕಮ್ಮ ಆಳಂದದ ಅವರ ಮನೆಗೆ ಹೋದಾಗ, ಡಾಕ್ಟರು ಕಾರ್ಡುಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದರು. ಲೇಖನದ ಪ್ರತಿ ಕಳಿಸಿರೆಂದು ಕೇಳಿ ದೇಶದೇಶದ ಡಾಕ್ಟರುಗಳು ಬರೆದವು ಅವು.

“ಊರಿನ ಹುಳ ವಿಲಾಯತಿಗಿ ಮುಟ್ಟಿಸ್ಯಾರ, ಮನಿಗಿ ಉಪ್ಪು ತರೂದ್ ಮರೀತಾರ,” ಎಂದರು ಹೆಂಡತಿ ಸುಭದ್ರಾಬಾಯಿ.

ಡಾಕ್ಟರು ನಕ್ಕರು. “ಒಂಬತ್ತು ಲೇಖನ ಬರದೇನಿ, ಅವ್ವ. ಎಂಟನ್ನ ಯಾರೂ ಕೇಳೂದಿಲ್ಲ. ಇದೊಂದನ್ನ ನಲವತ್ತು ಮಂದಿ ತಮ್ಮ ಲೇಖನದಾಗ ಆಧಾರ ಅಂತ ಹೇಳ್ಯಾರ. ಬರೂ ತಿಂಗಳ ಪ್ರೊಫೆಸರ್ ಹುದ್ದೆಯ ಸಂದರ್ಶನ ಅದ. ಅಲ್ಲಿ ಇದೇ ನನ್ನ ಕೈ ಹಿಡೀಬೇಕು.”

“ನಮ್ಮ ಊರ ಮಂದಿ ಹೆಸರು ಓದ್ರಿ, ಕೇಳ್ತೇನಿ,” ಎಂದಳು ಮಲ್ಕಮ್ಮ.

ಡಾಕ್ಟರು ಎರಡೂ ವರ್ಷದ ಪಟ್ಟಿ ತೆಗೆದು ಓದತೊಡಗಿದರು. ಮೊದಲ ವರ್ಷದವರ ಹೆಸರಿಗೆ ಆಕೆ ತಲೆಯಾಡಿಸಿದಳು. ಎರಡನೇ ವರ್ಷದ ಮೂರನೇ ಹೆಸರಿಗೆ ತಡೆದಳು.

“ಸಾಬವ್ವ? ಆಕಿನ್ನ ಅಫಜಲಪುರ ಕಡೆ ಕೊಟ್ಟದಲ್ರಿ. ನಾರು ಬಂದು ಕುಂತ ಸೊಸಿನ್ನ ಅತ್ತಿ ಮನ್ಯಾಗ ಯಾರ್ ನೋಡ್ತಾರ? ತವರಿಗಿ ಕಳಸ್ತಾರ. ಆಕಿ ಹಿಂದಿನ ವರ್ಷ ಕುಡದದ್ದು ಗಂಡನ ಊರ ನೀರು.”

ಡಾಕ್ಟರು ಓದುತ್ತ ಹೋದರು, ಆಕೆ ಬೆರಳು ಮಡಚುತ್ತ ಹೋದಳು. ಅಂಥವರು ಹದಿನಾಲ್ಕು. ಊರಿನವರು ಉಳಿದದ್ದು ಒಂಬತ್ತೇ. ಆ ವರ್ಷ ನಾರು ಬಂದು ತವರಿಗೆ ಹೋಗಿದ್ದ ಊರ ಸೊಸೆಯರಿಬ್ಬರನ್ನು ಸೇರಿಸಿದರೂ ಹನ್ನೊಂದು.

“ಮೊದಲ್ನೇ ವರ್ಷ ಇಂಥವರನ್ನ ನೀವು ಹೇಳಿದ್ದಿಲ್ಲೇನು?”

“ಊರ ಮಂದಿ ಹೇಳಂದ್ರಿ. ಊರ ಮಂದಿನ್ನೇ ಹೇಳೇನಿ.”

ಅಂದರೆ ಬಟ್ಟೆ ಕೆಲಸ ಮಾಡಿತ್ತು. ಮಾಡಲಿಲ್ಲವೆಂಬ ಮಾತು ಮಾತ್ರ ನಲವತ್ತು ಲೇಖನಗಳಲ್ಲಿ ಹೋಗಿ ಕುಳಿತಿತ್ತು.

“ಸಂದರ್ಶನ ಮುಗೀಲಿ, ಆಮ್ಯಾಗ ಬರೀರಿ. ಒಂದ್ ತಿಂಗಳದಾಗ ಏನ್ ಮುಳುಗ್ತದ?” ಎಂದರು ಸುಭದ್ರಾಬಾಯಿ.

“ನಾ ಬರದದ್ದು ನೋಡಿ ಎಲ್ಲೆರ ಬಟ್ಟಿ ಹಂಚೂದ್ ನಿಲ್ಲಿಸಿದ್ರ?”

ಡಾಕ್ಟರು ಅವತ್ತೇ ತಿದ್ದುಪಡಿ ಬರೆದು, ಮಲ್ಕಮ್ಮನಿಗೆ ಎರಡು ಸಲ ಓದಿ ಹೇಳಿ, ಅಂಚೆಗೆ ಹಾಕಿದರು. ಸಂದರ್ಶನದಲ್ಲಿಯೂ ಮುಚ್ಚಿಡಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು. ತಿದ್ದುಪಡಿ ಅಚ್ಚಾದ ಮೇಲೆ ಅದನ್ನು ಕೇಳಿ ಬಂದ ಕಾರ್ಡು ಐದು. ಹಳೆಯ ಲೇಖನವನ್ನು ಕೇಳುವವರು ಇನ್ನೂ ಬರೆಯುತ್ತಲೇ ಇದ್ದರು. ಅವರಿಗೆಲ್ಲ ಡಾಕ್ಟರು ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದರು.

೧೯೮೯ರ ಚಳಿಗಾಲದಲ್ಲಿ ಅವರು ಬಸ್ಸಿನಲ್ಲಿ ಕೊಳಕೂರಿಗೆ ಬಂದರು. ಎದೆನೋವು ಶುರುವಾಗಿತ್ತು, ಮುಂದಿನ ಬೇಸಿಗೆಯನ್ನು ಅವರು ಕಾಣಲಿಲ್ಲ. ಮಲ್ಕಮ್ಮನ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಗೊಬ್ಬೂರಿನ ಹಳೆಯ ಪಟ್ಟಿ ತೆಗೆದರು. ಯಾರೂ ಕೇಳದ ಆ ಎಂಟು ಲೇಖನಗಳಲ್ಲೊಂದರದು ಅದು, ಮನೆಮನೆ ತಿರುಗಿ ಪಟ್ಟಿ ಬರೆದುಕೊಂಡವನು ಅಲ್ಲಿಯೂ ಜಗದೇವಪ್ಪನೇ.

“ನಿಮ್ಮ ತವರಿನ ಮಂದಿ ಇವರು. ನಿಧಾನಕ್ಕ ಓದ್ತೇನಿ, ಅವ್ವ. ಇದ್ರಾಗ ಗಂಡನ ಮನಿಂದ ಬಂದು ಮಲಗಿದವರು ಯಾರ್ಯಾರು?”